ಜೀವಕೋಶದ ಸ್ವಭಕ್ಷಣವೂ ವೈರಸ್ಸಿನ ಸೇವೆಯೂ

ಹತ್ತಾರು ಮಂದಿಯಿರುವ ಒಂದು ತುಂಬು ಸಂಸಾರದಲ್ಲಿ ಯಾರು ಯಾವ ಕೆಲಸವನ್ನು ಹೊತ್ತಿದ್ದಾರೆಂಬುದು, ಎಲ್ಲರೂ ಮನೆಯಲ್ಲಿರುವಾಗ ಹೊರಗಿನವರಿಗೆ ಸುಲಭವಾಗಿ ತಿಳಿಯುವುದಿಲ್ಲ. ಅವರಲ್ಲಿ ಒಬ್ಬರು ನಾಲ್ಕು ದಿನ ಪರಸ್ಥಳಕ್ಕೆ ಹೋದರೆ ಆಗ ತಿಳಿಯುತ್ತದೆ. ಕೊಟ್ಟಿಗೆಯು ಗುಡಿಸದೆ ಉಳಿದರೆ ಅದು ಅವರ ಪಾಲಿನ ಕೆಲಸವಾಗಿತ್ತು. ಬಾವಿಯಿಂದ ನೀರು ಬಾರದೆ ಹೋದರೆ ಅದೂ ಅವರದೇ ಆಗಿತ್ತು. ಜೀನುಗಳ ವಿಷಯದಲ್ಲಿ ಜೀವಶಾಸ್ತ್ರಜ್ಞರು ಅನುಸರಿಸುವ ಮಾರ್ಗವೂ ಇಂಥದೇ. ಒಂದು ಜೀನಿನ ಕೆಲಸವೇನೆಂದು ತಿಳಿಯಬೇಕಾದರೆ ಅದರ ಬಾಯಿಯನ್ನು ಕಟ್ಟಿ, ಜೀವಕೋಶದಲ್ಲಿ ಯಾವ ಕೆಲಸ ನಿಂತಿತೆಂಬುದನ್ನು ನೋಡುವುದು.

ಹೀಗೆ ಬಾಯಿ ಕಟ್ಟುವ ಕೆಲಸವನ್ನು ಇಂದು ಪ್ರಯೋಗಶಾಲೆಗಳಲ್ಲಿ ಬಹುಮಟ್ಟಿಗೆ ವೈರಸ್ಸುಗಳಿಂದಲೇ ಮಾಡಿಸುತ್ತಾರೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ರೋಗಕ್ಕೆ ಹೆಸರಾದ ವೈರಸ್ಸು ವಿಜ್ಞಾನದ ಆಳಾಗಿ ದುಡಿಯುವ ಬಗೆ ಹೇಗೆ, ಅದು ತಂದುಕೊಡುವ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಜೀವಕೋಶದ ‘ಸ್ವಭಕ್ಷಣ’ವೆಂಬ ಒಂದು ವ್ಯಾಪಾರವನ್ನು ಉದಾಹರಣೆಯಾಗಿ ತೆಗೆದುಕೊಂಡು ಈ ಲೇಖನದಲ್ಲಿ ವಿಚಾರಮಾಡೋಣ.

ತನ್ನನ್ನು ತಾನೇ ತಿನ್ನುವ ಕೋಶ

ನಮ್ಮ ರೈತನ ಮನೆಯಲ್ಲಿ ಕಸವೆಂಬುದು ವ್ಯರ್ಥವಾಗುವುದಿಲ್ಲ. ಕೊಟ್ಟಿಗೆಯ ಸಗಣಿ, ಅಂಗಳದ ತರಗು, ಅಡುಗೆಮನೆಯ ಸಿಪ್ಪೆ ಎಲ್ಲವೂ ತಿಪ್ಪೆಯನ್ನು ಸೇರಿ, ಕೊಳೆತು, ಗೊಬ್ಬರವಾಗಿ ಹೊಲಕ್ಕೆ ಮರಳುತ್ತವೆ. ಜೀವಕೋಶದಲ್ಲಿಯೂ ಇಂಥದೊಂದು ಏರ್ಪಾಡು ಉಂಟು. ಸವೆದುಹೋದ ಪ್ರೋಟೀನುಗಳು, ಕೆಟ್ಟುನಿಂತ ಅಂಗಕಗಳು ಮೊದಲಾದವುಗಳ ಸುತ್ತ ಎರಡು ಪದರಗಳ ತೆಳುಪೊರೆಯೊಂದು ಬಟ್ಟಲಿನಂತೆ ಬೆಳೆದು, ಕೊನೆಗೆ ಬಾಯಿ ಮುಚ್ಚಿಕೊಂಡು ಚೀಲವಾಗುತ್ತದೆ. ಈ ಚೀಲವು ಲೈಸೋಸೋಮ್ ಎಂಬ ಜೀರ್ಣಕೋಷ್ಠದೊಡನೆ ಕೂಡಿಕೊಳ್ಳುತ್ತದೆ. ಅಲ್ಲಿಯ ಕಿಣ್ವಗಳು ಒಳಗಿನದನ್ನೆಲ್ಲ ಕರಗಿಸಿ, ಅಮೈನೋ ಆಮ್ಲವೇ ಮುದಲಾದ ಮೂಲದ್ರವ್ಯಗಳನ್ನು ಕೋಶಕ್ಕೆ ಹಿಂದಿರುಗಿಸುತ್ತವೆ. ಆಹಾರವು ಸಿಕ್ಕದೆ ಹೋದಾಗ ಈ ಕೆಲಸವು ಬಹಳ ಚುರುಕಾಗುತ್ತದೆ. ಕೋಶವು ತನ್ನದೇ ಒಂದು ಪಾಲನ್ನು ಕರಗಿಸಿಕೊಂಡು ಕಷ್ಟಕಾಲವನ್ನು ಕಳೆಯುತ್ತದೆ.

ಲೈಸೋಸೋಮನ್ನು 1955ರಲ್ಲಿ ಬೆಳಕಿಗೆ ತಂದ ಬೆಲ್ಜಿಯಂ ದೇಶದ ವಿಜ್ಞಾನಿ ಕ್ರಿಶ್ಚಿಯನ್ ಡಿ ಡ್ಯೂವ್ ಅವರೇ 1963ರಲ್ಲಿ ಈ ವ್ಯಾಪಾರಕ್ಕೆ ‘ಆಟೋಫ್ಯಾಜಿ’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯ ಈ ಮಾತಿಗೆ ತನ್ನನ್ನು ತಾನು ತಿನ್ನುವುದೆಂದೇ ಅರ್ಥ. ಆದರೆ ಹೆಸರಿಟ್ಟ ಮೇಲೆ ಸುಮಾರು ಮೂವತ್ತು ವರ್ಷಗಳವರೆಗೆ, ಇದನ್ನು ನಡೆಸುವ ಜೀನುಗಳು ಯಾವುವೆಂಬುದು ಗೊತ್ತಿರಲಿಲ್ಲ. ಜಪಾನಿನ ಯೋಶಿನೋರಿ ಓಸುಮಿ ಅವರು ಹಿಟ್ಟನ್ನು ಹುದುಗಿಸುವ ಯೀಸ್ಟಿನಲ್ಲಿ ಈ ಪ್ರಶ್ನೆಯನ್ನು ಹಿಡಿದರು. ಜೀರ್ಣಕಿಣ್ವಗಳಿಲ್ಲದ ಯೀಸ್ಟಿನ ತಳಿಯೊಂದನ್ನು ಅವರು ಉಪವಾಸ ಕೆಡವಿದಾಗ, ಕರಗಲಾರದ ಚೀಲಗಳು ಕೋಶದ ಜೀರ್ಣಕೋಷ್ಠದಲ್ಲಿ ರಾಶಿಬಿದ್ದು ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಂಡವು. ಬಳಿಕ, ಉಪವಾಸವಿದ್ದರೂ ಚೀಲಗಳು ಕೂಡದ ವಿಕೃತ ತಳಿಗಳನ್ನು ಹುಡುಕಿ, 1993ರಲ್ಲಿ ಸ್ವಭಕ್ಷಣಕ್ಕೆ ಅಗತ್ಯವಾದ 15 ಜೀನುಗಳ ಸುಳಿವನ್ನು ಅವರ ತಂಡವು ಪ್ರಕಟಿಸಿತು. 2016ರ ನೊಬೆಲ್ ಪಾರಿತೋಷಕವು ಓಸುಮಿಯವರಿಗೆ ಸಂದಿತು. ಈ ಜೀನುಗಳನ್ನು ಈಗ ‘ಎಟಿಜಿ’ ಎಂದು ಕರೆದು, ಒಂದೊಂದಕ್ಕೂ ಒಂದೊಂದು ಸಂಖ್ಯೆಯನ್ನು ಕೊಟ್ಟಿದ್ದಾರೆ.

ಇವು ಯೀಸ್ಟಿಗೆ ಮಾತ್ರ ಸೇರಿದವುಗಳಲ್ಲ. ಇವುಗಳಲ್ಲಿ ಹೆಚ್ಚಿನವಕ್ಕೆ ಸಂವಾದಿಯಾದ ಜೀನುಗಳು ಮನುಷ್ಯನಲ್ಲಿಯೂ ಇವೆ. ಎಟಿಜಿ-5 ಇಲ್ಲದೆ ಹುಟ್ಟಿದ ಇಲಿಮರಿಗಳು ಜನನಕಾಲದಲ್ಲಿ ಹೆಚ್ಚುಕಡಮೆ ಸರಿಯಾಗಿಯೇ ಕಂಡರೂ ಒಂದು ದಿನದೊಳಗಾಗಿ ಸಾಯುತ್ತವೆಂದು 2004ರಲ್ಲಿ ಜಪಾನಿನ ನೊಬೊರು ಮಿಜುಶಿಮಾ ಮತ್ತು ಅವರ ಸಂಗಡಿಗರು ತೋರಿಸಿದರು. ತಾಯಿಯ ರಕ್ತದಿಂದ ಬರುತ್ತಿದ್ದ ಆಹಾರವು ನಿಂತು, ಮೊಲೆಹಾಲು ಸಾಕಷ್ಟು ಒದಗುವ ಮೊದಲಿನ ಆ ಕೆಲವು ಗಂಟೆಗಳ ಉಪವಾಸವನ್ನು ದಾಟಲು ಸ್ವಭಕ್ಷಣವೇ ಬುತ್ತಿ. 2006ರಲ್ಲಿ ಇಲಿಯ ನರಕೋಶಗಳಲ್ಲಿ ಮಾತ್ರ ಎಟಿಜಿ-5 ಅಥವಾ ಎಟಿಜಿ-7 ಇಲ್ಲದಂತೆ ಮಾಡಿದಾಗ, ಆ ಕೋಶಗಳಲ್ಲಿ ಪ್ರೋಟೀನಿನ ಕಸವು ಗಂಟುಕಟ್ಟಿ ನರಗಳು ಕ್ಷಯಿಸಿದವು.

ಮೌನದ ಉಪಾಯ

ಹೀಗೆ ಜೀನನ್ನೇ ತೆಗೆದುಹಾಕಿದ ಇಲಿಗಳನ್ನು ಬೆಳೆಸುವುದು ಬಹುಕಾಲ ಹಿಡಿಯುವ ಕೆಲಸ. ಮನುಷ್ಯನ ಕೋಶಗಳಲ್ಲಿ, ಅದರಲ್ಲಿಯೂ ಬೇರೆಬೇರೆ ರೋಗಿಗಳಿಂದ ತೆಗೆದು ಗಾಜಿನ ತಟ್ಟೆಗಳಲ್ಲಿ ಬೆಳೆಸಿರುವ ಕ್ಯಾನ್ಸರ್ ಕೋಶಗಳಲ್ಲಿ, ಈ ಜೀನುಗಳ ಕೆಲಸವನ್ನು ಪರೀಕ್ಷಿಸಲು ಹೆಚ್ಚು ಸುಲಭವಾದ ಉಪಾಯವೊಂದು ಬೇಕಾಗಿತ್ತು. ಅದು ಅನಿರೀಕ್ಷಿತವಾದ ಸ್ಥಳದಿಂದ ಬಂದಿತು.

ಜೀನು ತಾನು ಕುಳಿತಲ್ಲಿಂದ ಏಳುವುದಿಲ್ಲ. ತನ್ನ ಆಜ್ಞೆಯನ್ನು ಆರ್.ಎನ್.ಎ. ಎಂಬ ನಕಲುಪ್ರತಿಯ ಮೂಲಕ ಹೊರಗೆ ಕಳುಹಿಸುತ್ತದೆ. ಆ ಪ್ರತಿಯನ್ನು ಓದಿ ಕೋಶವು ಪ್ರೋಟೀನನ್ನು ಕಟ್ಟುತ್ತದೆ. 1998ರಲ್ಲಿ ಅಮೆರಿಕದ ಆಂಡ್ರೂ ಫೈರ್ ಮತ್ತು ಕ್ರೇಗ್ ಮೆಲ್ಲೋ ಎಂಬ ವಿಜ್ಞಾನಿಗಳು, ಒಂದು ಸಣ್ಣ ದುಂಡುಹುಳುವಿನೊಳಕ್ಕೆ ಜೋಡೆಳೆಯ ಆರ್.ಎನ್.ಎ.ಯನ್ನು ಸೇರಿಸಿದರೆ, ಅದರ ಬರೆಹಕ್ಕೆ ಹೊಂದುವ ನಕಲುಪ್ರತಿಗಳೆಲ್ಲ ನಾಶವಾಗಿ ಆ ಜೀನು ಮೌನವಾಗುತ್ತದೆಂದು ಕಂಡುಹಿಡಿದರು. ಇದಕ್ಕಾಗಿ 2006ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಸುಮಾರು 21 ಅಕ್ಷರಗಳ ತುಣುಕಿದ್ದರೆ ಸಾಕು, ಮನುಷ್ಯನ ಕೋಶಗಳಲ್ಲಿಯೂ ಈ ಉಪಾಯವು ನಡೆಯುತ್ತದೆಂಬುದು 2001ರಲ್ಲಿ ತಿಳಿಯಿತು. ಆದರೆ ಹೀಗೆ ಹೊರಗಿನಿಂದ ಹಾಕಿದ ತುಣುಕುಗಳು ಕೆಲವು ದಿನಗಳಲ್ಲಿ ಕರಗಿಹೋಗುತ್ತವೆ. ಜೀನು ಮತ್ತೆ ಬಾಯಿ ತೆರೆಯುತ್ತದೆ.

ಈ ತುಣುಕನ್ನು ಕೋಶವೇ ದಿನವೂ ತಯಾರಿಸಿಕೊಳ್ಳುವಂತೆ ಮಾಡಿದರೆ ಹೇಗೆ? 2002ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಕ್ಯಾನ್ಸರ್ ಸಂಶೋಧಕರು ಇದನ್ನು ಮಾಡಿ ತೋರಿಸಿದರು. ತಲೆಗೂದಲಿಗೆ ಸಿಕ್ಕಿಸುವ ಪಿನ್ನಿನಂತೆ ಮಡಚಿಕೊಳ್ಳುವ ಒಂದು ಆರ್.ಎನ್.ಎ.ಗೆ ಬೇಕಾದ ಬರೆಹವನ್ನು ಡಿ.ಎನ್.ಎ. ರೂಪದಲ್ಲಿ ಕೋಶಕ್ಕೆ ಒದಗಿಸಿದರು. ಕೋಶವು ಆ ಪಿನ್ನನ್ನು ತಯಾರಿಸಿ, ತನ್ನಲ್ಲಿರುವ ‘ಡೈಸರ್’ ಎಂಬ ಕಿಣ್ವದಿಂದ ಅದರ ಬಾಗನ್ನು ಕತ್ತರಿಸುತ್ತದೆ. ಉಳಿದ ಎರಡು ಎಳೆಗಳಲ್ಲಿ ಒಂದನ್ನು ‘ಆರ್ಗೊನಾಟ್’ ಎಂಬ ಪ್ರೋಟೀನು ಹಿಡಿದುಕೊಂಡು, ಅದನ್ನೇ ಗುರುತುಚೀಟಿಯಾಗಿ ಬಳಸಿ, ಆ ಜೀನಿನ ನಕಲುಪ್ರತಿಗಳನ್ನು ಹುಡುಕಿ ಹುಡುಕಿ ತುಂಡರಿಸುತ್ತದೆ. ಇಲ್ಲಿ ಜೀನು ಸಾಯುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅದು ಆಜ್ಞೆ ಕೊಡುತ್ತಲೇ ಇರುತ್ತದೆ. ಆಜ್ಞೆಯ ಕಾಗದಗಳು ದಾರಿಯಲ್ಲಿಯೇ ಹರಿದುಹೋಗುತ್ತವೆ.

ಹಲ್ಲು ಕಿತ್ತ ವೈರಸ್ಸು

ಇನ್ನು ಉಳಿದ ತೊಡಕು, ಈ ಬರೆಹವನ್ನು ಕೋಶದೊಳಕ್ಕೆ ಕೊಂಡೊಯ್ದು ನೆಲೆಗೊಳಿಸುವುದು. ಕೋಶದ ಬಾಗಿಲನ್ನು ತೆರೆಯುವ ವಿದ್ಯೆಯಲ್ಲಿ ವೈರಸ್ಸಿಗಿಂತ ನುರಿತವರು ಬೇರೆ ಯಾರಿದ್ದಾರೆ? ತನ್ನ ಆನುವಂಶಿಕ ಬರೆಹವನ್ನು ಪರರ ಕೋಶಕ್ಕೆ ಸಾಗಿಸುವುದೇ ಅದರ ಜೀವನವೃತ್ತಿ. ಅದರಲ್ಲಿಯೂ ಏಡ್ಸ್ ರೋಗವನ್ನು ತರುವ ಎಚ್.ಐ.ವಿ. ಸೇರಿರುವ ಲೆಂಟಿವೈರಸ್ ಪಂಗಡವು ತನ್ನ ಬರೆಹವನ್ನು ಕೋಶದ ವರ್ಣತಂತುವಿನಲ್ಲಿಯೇ ಹೆಣೆದುಬಿಡುತ್ತದೆ. ವಿಭಜನೆಯನ್ನು ನಿಲ್ಲಿಸಿದ ಕೋಶಗಳನ್ನೂ ಅದು ಹೊಗಬಲ್ಲುದು. 1996ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ಲುಯಿಜಿ ನಾಲ್ಡಿನಿ, ಇಂದರ್ ವರ್ಮಾ ಮೊದಲಾದವರು ಎಚ್.ಐ.ವಿ.ಯಿಂದ ಮಾಡಿದ ವಾಹಕವೊಂದರ ಮೂಲಕ ಬೆಳೆದ ಇಲಿಯ ಮೆದುಳಿನ ನರಕೋಶಗಳಿಗೆ ಜೀನನ್ನು ಸಾಗಿಸಿ ತೋರಿಸಿದರು.

ಅಂಥ ಘೋರ ವೈರಸ್ಸನ್ನು ಪ್ರಯೋಗಶಾಲೆಯೊಳಕ್ಕೆ ಬಿಟ್ಟುಕೊಳ್ಳುವುದು ಕ್ಷೇಮವೆ ಎಂದು ಕೇಳುವುದು ಸಹಜ. ವಾಹಕದಲ್ಲಿರುವುದು ಹಲ್ಲು ಕಿತ್ತ ಹಾವು. ಎಚ್.ಐ.ವಿ.ಯ 9 ಜೀನುಗಳಲ್ಲಿ 6ನ್ನು 1998ರ ಸುಮಾರಿಗೆ ರೂಪುಗೊಂಡ ಪದ್ಧತಿಯಲ್ಲಿ ಪೂರ್ಣವಾಗಿ ಬಿಟ್ಟಿದ್ದಾರೆ. ಉಳಿದ ಮೂರನ್ನು ಕೂಡ ಒಂದೆಡೆ ಇಡದೆ, ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಡಿ.ಎನ್.ಎ. ಉಂಗುರಗಳಲ್ಲಿ ಹಂಚಿಟ್ಟಿದ್ದಾರೆ. ವೈರಸ್ಸಿನ ಹೊರಕವಚಕ್ಕಾಗಿ ದನಕುದುರೆಗಳಿಗೆ ಬಾಯಿಹುಣ್ಣು ತರುವ ಬೇರೊಂದು ವೈರಸ್ಸಿನ ಪ್ರೋಟೀನನ್ನು ಎರವಲು ಪಡೆಯುತ್ತಾರೆ. ಸಾಗಿಸಬೇಕಾದ ಪಿನ್ನಿನ ಬರೆಹವು ಇನ್ನೊಂದು ಉಂಗುರದಲ್ಲಿರುತ್ತದೆ. ಕವಚದೊಳಗೆ ತುಂಬಿಕೊಳ್ಳುವುದು ಈ ಕೊನೆಯ ಬರೆಹ ಮಾತ್ರ. ಆದುದರಿಂದ ಸಿದ್ಧವಾದ ಕಣವು ಒಂದು ಸಾರಿ ಕೋಶವನ್ನು ಹೊಕ್ಕು, ಹೊರೆಯನ್ನು ಇಳಿಸಿದ ಮೇಲೆ ಮರಿಹಾಕಲಾರದು. ಆದರೂ ಅದು ಮನುಷ್ಯನ ಕೋಶವನ್ನು ಹೊಗಬಲ್ಲ ವಸ್ತುವಾದುದರಿಂದ, ಕೈಗವಸು ತೊಟ್ಟು, ಗಾಳಿಯನ್ನು ಸೋಸುವ ರಕ್ಷಣಾಪೆಟ್ಟಿಗೆಯೊಳಗೆ ನಿಯಮಬದ್ಧವಾಗಿಯೇ ಕೆಲಸಮಾಡುತ್ತಾರೆ.

ಕಣಗಳನ್ನು ತಯಾರಿಸುವ ಕಾರ್ಖಾನೆಯೂ ಜೀವಕೋಶವೇ. ಸುಲಭವಾಗಿ ಬೆಳೆಯುವ ಒಂದು ವಂಶದ ಮಾನವಕೋಶಗಳಿಗೆ ಈ ಉಂಗುರಗಳನ್ನೆಲ್ಲ ಒಟ್ಟಿಗೆ ಉಣಿಸಿದರೆ, ಎರಡು ಮೂರು ದಿನಗಳಲ್ಲಿ ಅವು ತಾವಿರುವ ದ್ರವಕ್ಕೆ ವಾಹಕಕಣಗಳನ್ನು ಬಿಡುತ್ತವೆ. ಆ ದ್ರವವನ್ನು ಸೋಸಿ, ಪರೀಕ್ಷಿಸಬೇಕಾದ ಕೋಶಗಳ ಮೇಲೆ ಹಾಕುತ್ತಾರೆ. ಯಾವ ಕೋಶಕ್ಕೆ ಹೊರೆ ತಲಪಿತು, ಯಾವುದಕ್ಕೆ ತಲಪಲಿಲ್ಲ ಎಂದು ತಿಳಿಯುವುದಕ್ಕೂ ಯುಕ್ತಿಯುಂಟು. ಪ್ಯೂರೋಮೈಸಿನ್ ಎಂಬ ಔಷಧವು ಕೋಶಗಳನ್ನು ಕೊಲ್ಲುತ್ತದೆ. ಅದನ್ನು ತಡೆಯಬಲ್ಲ ಜೀನೊಂದನ್ನು ಪಿನ್ನಿನ ಬರೆಹದ ಜೊತೆಗೇ ಕಟ್ಟಿರುತ್ತಾರೆ. ಔಷಧವನ್ನು ಹಾಕಿದಾಗ ವಾಹಕವು ಹೊಕ್ಕ ಕೋಶಗಳು ಮಾತ್ರ ಬದುಕಿ ಉಳಿಯುತ್ತವೆ. ಅವುಗಳ ಸಂತತಿಯೂ ಅದೇ ಮೌನವನ್ನು ಪಡೆದು ಹುಟ್ಟುತ್ತದೆ.

ಮೌನದ ಪರೀಕ್ಷೆ

ಜೀನು ಮೌನವಾಯಿತೆಂದು ತಿಳಿದುಕೊಂಡ ಮಾತ್ರಕ್ಕೆ ಅದು ಮೌನವಾಗಿರುವುದಿಲ್ಲ. ಸಂಸಾರದ ಉಪಮಾನಕ್ಕೆ ಮರಳುವುದಾದರೆ, ಊರಿಗೆ ಹೋದವರು ದಿನಕ್ಕೊಂದು ಗಳಿಗೆ ಬಂದು ಕೆಲಸ ಮಾಡಿಹೋಗುತ್ತಿದ್ದರೆ, ಅವರ ಗೈರುಹಾಜರಿಯಿಂದ ನಾವು ಏನನ್ನು ತಿಳಿದಂತಾಯಿತು? ಎಟಿಜಿ-5ರ ವಿಷಯದಲ್ಲಿ ಇದು ಬರಿಯ ಉಪಮಾನವಲ್ಲ. ಅದರ ಪ್ರೋಟೀನು ಅತ್ಯಲ್ಪ ಪ್ರಮಾಣದಲ್ಲಿ ಉಳಿದಿದ್ದರೂ ಸ್ವಭಕ್ಷಣವು ನಡೆಯುತ್ತದೆಂದು 2006ರಲ್ಲಿ ಮಿಜುಶಿಮಾ ಅವರ ತಂಡವು ಕಂಡಿತು. ಆದುದರಿಂದ ಪ್ರೋಟೀನು ಬಹುಪಾಲು ಕಡಮೆಯಾಯಿತೆಂಬ ಸಮಾಧಾನ ಸಾಲದು. ಸ್ವಭಕ್ಷಣವೇ ನಿಂತಿತೆ ಎಂಬುದನ್ನು ಬೇರೆಯಾಗಿ ಅಳೆಯಬೇಕು.

ಅಳೆಯುವುದಾದರೂ ಸುಲಭವಲ್ಲ. ಚೀಲದ ಪೊರೆಗೆ ಎಲ್‌ಸಿ-3 ಎಂಬ ಪ್ರೋಟೀನು ಅಂಟಿಕೊಳ್ಳುತ್ತದೆ. ಅದಕ್ಕೆ ಬೆಳಗುವ ಗುರುತನ್ನು ಕಟ್ಟಿದರೆ ಚೀಲಗಳು ಸೂಕ್ಷ್ಮದರ್ಶಕದಲ್ಲಿ ಹಸುರು ಚುಕ್ಕೆಗಳಾಗಿ ತೋರುತ್ತವೆ. ಆದರೆ ಚುಕ್ಕೆಗಳು ಹೆಚ್ಚಾದರೆ ಸ್ವಭಕ್ಷಣವು ಹೆಚ್ಚಿತೆಂದು ಹೇಳುವಂತಿಲ್ಲ. ಬೀದಿಯಲ್ಲಿ ಕಸದ ಗಾಡಿಗಳು ಸಾಲುಗಟ್ಟಿ ನಿಂತಿದ್ದರೆ ಕೆಲಸ ಭರದಿಂದ ಸಾಗಿದೆಯೆಂದಾದರೂ ತಿಳಿಯಬಹುದು, ತಿಪ್ಪೆಗೆ ಹೋಗುವ ದಾರಿಯೇ ಕಟ್ಟಿದೆಯೆಂದಾದರೂ ತಿಳಿಯಬಹುದು. ಆದುದರಿಂದ ನಿಂತ ಗಾಡಿಗಳನ್ನು ಎಣಿಸಿದರೆ ಸಾಲದು. ಗಾಡಿಗಳು ಖಾಲಿಯಾಗುವ ವೇಗವನ್ನು ಅಳೆಯಬೇಕು. ಕೊನೆಯ ಜೀರ್ಣಕ್ರಿಯೆಯನ್ನು ತಡೆದಾಗ ಒಮ್ಮೆ, ತಡೆಯದೆ ಬಿಟ್ಟಾಗ ಒಮ್ಮೆ ಎಣಿಸಿ, ಎರಡರ ವ್ಯತ್ಯಾಸವನ್ನು ನೋಡುವುದು ಇದಕ್ಕೆ ರೂಢಿಯಾದ ಕ್ರಮ.

ಇನ್ನೂ ಮೂರು ಸಂದೇಹಗಳಿಗೆ ಪರಿಹಾರ ಬೇಕು. ಮೊದಲನೆಯದು, ಪಿನ್ನು ತಪ್ಪು ವಿಳಾಸಕ್ಕೆ ಹೋಗಿರಬಹುದು. ಅಲ್ಪಸ್ವಲ್ಪ ಹೋಲಿಕೆಯಿರುವ ಬೇರೆ ಜೀನಿನ ಕಾಗದಗಳನ್ನೂ ಅದು ಹರಿಯಬಲ್ಲುದು. ಆದಕಾರಣ ಒಂದೇ ಜೀನಿನ ಬೇರೆಬೇರೆ ಭಾಗಗಳಿಗೆ ಹೊಂದುವ ಎರಡು ಮೂರು ಪಿನ್ನುಗಳನ್ನು ಬಳಸಿ, ಎಲ್ಲವೂ ಒಂದೇ ಫಲವನ್ನು ಕೊಟ್ಟರೆ ಮಾತ್ರ ನಂಬುತ್ತಾರೆ. ಎರಡನೆಯದು, ವೈರಸ್ಸಿನ ಪ್ರವೇಶದಿಂದಲೇ ಕೋಶವು ಕಲಕಿರಬಹುದು. ಒಳನುಗ್ಗಿದ ರೋಗಾಣುಗಳನ್ನು ಹಿಡಿದು ಕರಗಿಸುವುದು ಸ್ವಭಕ್ಷಣದ ಒಂದು ಕರ್ತವ್ಯವಾಗಿರುವಾಗ ಈ ಶಂಕೆಗೆ ಬಲ ಹೆಚ್ಚು. ಅದಕ್ಕಾಗಿ, ಯಾವ ಜೀನಿಗೂ ಹೊಂದದ ಪಿನ್ನನ್ನು ಹೊತ್ತ ವಾಹಕವನ್ನು ಇನ್ನೊಂದು ತಟ್ಟೆಗೆ ಹಾಕಿ ಹೋಲಿಸುತ್ತಾರೆ. ಮೂರನೆಯದು, ಕಂಡ ಪರಿಣಾಮಕ್ಕೆ ಆ ಜೀನಿನ ಮೌನವೇ ಕಾರಣವೆಂದು ದೃಢವಾಗಬೇಕು. ಪಿನ್ನು ಗುರುತಿಸಲಾರದಂತೆ ಬರೆಹವನ್ನು ಸ್ವಲ್ಪ ತಿದ್ದಿ, ಆದರೆ ಅದೇ ಪ್ರೋಟೀನನ್ನು ಕೊಡುವಂತೆ ಇರಿಸಿ, ಆ ಜೀನನ್ನು ಕೋಶಕ್ಕೆ ಮರಳಿಸುತ್ತಾರೆ. ನಿಂತ ಕೆಲಸವು ಆಗ ಮತ್ತೆ ಆರಂಭವಾದರೆ ಸಾಕ್ಷ್ಯವು ಪೂರ್ಣವಾಯಿತು.

ಇಷ್ಟೆಲ್ಲ ಮಾಡಿದರೂ, ಒಂದು ಜೀನಿಗೆ ಒಂದೇ ಕೆಲಸವೆಂಬ ನಿಯಮವಿಲ್ಲ. ಇದಕ್ಕೆ ಕ್ಷಯರೋಗದ ಸಂಶೋಧನೆಯಲ್ಲಿ ಒಳ್ಳೆಯ ದೃಷ್ಟಾಂತವಿದೆ. ಕೆಲವು ರಕ್ಷಕಕೋಶಗಳಲ್ಲಿ ಎಟಿಜಿ-5 ಇಲ್ಲದ ಇಲಿಗಳು ಕ್ಷಯದ ಸೋಂಕಿಗೆ ಬೇಗನೆ ಬಲಿಯಾಗುತ್ತಿದ್ದುದರಿಂದ, ಸ್ವಭಕ್ಷಣವೇ ಅವುಗಳ ರಕ್ಷೆಯೆಂದು ಭಾವಿಸಲಾಗಿತ್ತು. ಆದರೆ 2015ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದ ಸಂಶೋಧಕರು ಸ್ವಭಕ್ಷಣದ ಇತರ ಹಲವು ಜೀನುಗಳನ್ನು ಒಂದೊಂದಾಗಿ ತೆಗೆದು ನೋಡಿದಾಗ ಇಲಿಗಳು ಅಷ್ಟು ದುರ್ಬಲವಾಗಲಿಲ್ಲ. ಎಟಿಜಿ-5 ಅಲ್ಲಿ ಸ್ವಭಕ್ಷಣದ ಹೊರಗಿನ ಬೇರೊಂದು ಕೆಲಸವನ್ನೂ ಮಾಡುತ್ತಿತ್ತು. ಆದುದರಿಂದ ಒಂದು ಜೀನಿನ ಮೌನದಿಂದ ಇಡೀ ವ್ಯಾಪಾರದ ಮೇಲೆ ತೀರ್ಪು ಕೊಡಲಾಗದು.

ಕ್ಲೋರೋಕ್ವಿನ್ನಿನ ಪಾಠ

ಈ ಎಚ್ಚರಿಕೆಗಳು ಪಂಡಿತರ ಚರ್ಚೆಗೆ ಮಾತ್ರ ಸೇರಿದುವಲ್ಲ. ಇವುಗಳ ಹಿಂದೆ ರೋಗಿಗಳ ಜೀವವಿದೆ. 1999ರಲ್ಲಿ ಅಮೆರಿಕದ ಬೆತ್ ಲೆವೈನ್ ಅವರ ತಂಡವು, ಸ್ವಭಕ್ಷಣದ ‘ಬೆಕ್ಲಿನ್-1’ ಎಂಬ ಜೀನು ಗಂತಿಯ ಬೆಳವಣಿಗೆಯನ್ನು ತಡೆಯುತ್ತದೆಂದು ತೋರಿಸಿತು. ಸ್ವಭಕ್ಷಣವು ಕ್ಯಾನ್ಸರಿನ ಶತ್ರುವೆಂದು ಆಗ ತೋರಿತು. ಆದರೆ ಬೆಳೆದು ನಿಂತ ಗಂತಿಯಲ್ಲಿ ರಕ್ತದ ಪೂರೈಕೆ ಕಡಮೆ, ಆಹಾರ ಕಡಮೆ. ಅಂಥಲ್ಲಿ ಹಸಿದ ಕ್ಯಾನ್ಸರ್ ಕೋಶಕ್ಕೆ ಸ್ವಭಕ್ಷಣವೇ ಅನ್ನವಾಗಬಹುದು. 2011ರಲ್ಲಿ ಬಾಸ್ಟನ್ ನಗರದ ಅಲೆಕ್ ಕಿಮ್ಮೆಲ್‌ಮನ್ ಅವರ ತಂಡವು, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕೋಶಗಳಲ್ಲಿ ಸ್ವಭಕ್ಷಣವು ಸದಾ ಹೆಚ್ಚಾಗಿರುತ್ತದೆಂದೂ, ಎಟಿಜಿ-5ನ್ನು ಮೌನಗೊಳಿಸಿದರೆ ಆ ಕೋಶಗಳ ಬೆಳವಣಿಗೆ ಕುಗ್ಗುತ್ತದೆಂದೂ ಪ್ರಕಟಿಸಿತು. ಲೈಸೋಸೋಮಿನ ಕೆಲಸವನ್ನು ಕೆಡಿಸುವ ಕ್ಲೋರೋಕ್ವಿನ್ ಕೂಡ ಇಲಿಗಳಲ್ಲಿ ಗಂತಿಯನ್ನು ಹಿಮ್ಮೆಟ್ಟಿಸಿತು. ಮಲೇರಿಯಾಕ್ಕೆ ಕೊಡುವ ಈ ಗುಳಿಗೆ ನಮ್ಮ ದೇಶದಲ್ಲಿ ಮನೆಮಾತು. ಚಿಕಿತ್ಸೆಗೆ ಬಗ್ಗದ ಆ ಕ್ಯಾನ್ಸರಿಗೆ ಇಂಥ ಅಗ್ಗದ, ಚಿರಪರಿಚಿತವಾದ ಮದ್ದು ದೊರೆಯಬಹುದೆಂಬ ಆಸೆ ಹುಟ್ಟಿದುದು ಸಹಜವೇ.

ಆದರೆ ಕ್ಲೋರೋಕ್ವಿನ್ನಿನ ಫಲವೆಲ್ಲ ಸ್ವಭಕ್ಷಣವನ್ನು ತಡೆದುದರ ಫಲವೆ? ಈ ಪ್ರಶ್ನೆಗೆ ಉತ್ತರ ಹೇಳಿದುದು ಮತ್ತೆ ಮೌನದ ಪ್ರಯೋಗವೇ. 2012ರಲ್ಲಿ ಅಮೆರಿಕದ ಕೊಲರಾಡೋ ವಿಶ್ವವಿದ್ಯಾನಿಲಯದ ಸಂಶೋಧಕರು ಇಲಿಯ ಸ್ತನಕ್ಯಾನ್ಸರ್ ಕೋಶಗಳಲ್ಲಿ ಎಟಿಜಿ-12 ಅಥವಾ ಬೆಕ್ಲಿನ್-1 ಜೀನನ್ನು ಮೌನಗೊಳಿಸಿ ನೋಡಿದರು. ಕ್ಲೋರೋಕ್ವಿನ್ ಕೊಟ್ಟಾಗ ಕೋಶಗಳು ಇತರ ಔಷಧಗಳಿಗೆ ಸುಲಭವಾಗಿ ಸಾಯುತ್ತಿದ್ದವು. ಜೀನುಗಳನ್ನು ಮೌನಗೊಳಿಸಿದಾಗ ಹಾಗೆ ಆಗಲಿಲ್ಲ. ಎಂದಮೇಲೆ ಅಲ್ಲಿ ಕ್ಲೋರೋಕ್ವಿನ್ ಕೊಲ್ಲುತ್ತಿದ್ದುದು ಬೇರಾವುದೋ ದಾರಿಯಿಂದ. 2016ರಲ್ಲಿ ಫೈಜರ್ ಸಂಸ್ಥೆಯ ವಿಜ್ಞಾನಿಗಳು, ಕ್ರಿಸ್ಪರ್ ಎಂಬ ಹೊಸ ಕತ್ತರಿಯಿಂದ ಎಟಿಜಿ-7 ಜೀನನ್ನೇ ಕತ್ತರಿಸಿದ ಹಲವು ಕ್ಯಾನ್ಸರ್ ಕೋಶಗಳಲ್ಲಿಯೂ ಬೆಳವಣಿಗೆ ನಿಲ್ಲಲಿಲ್ಲವೆಂದೂ, ಸ್ವಭಕ್ಷಣವಿಲ್ಲದ ಆ ಕೋಶಗಳ ಮೇಲೆಯೂ ಕ್ಲೋರೋಕ್ವಿನ್ ಮೊದಲಿನಂತೆಯೇ ವರ್ತಿಸಿತೆಂದೂ ವರದಿಮಾಡಿದರು.

ಆಸ್ಪತ್ರೆಗಳಿಂದ ಬಂದ ಉತ್ತರವೂ ಉತ್ಸಾಹವನ್ನು ತಗ್ಗಿಸಿತು. ಕ್ಲೋರೋಕ್ವಿನ್ನಿನ ಸೋದರಿಯಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಒಂದನ್ನೇ ಮೇದೋಜೀರಕದ ಕ್ಯಾನ್ಸರು ಹರಡಿದ್ದ 20 ಮಂದಿಗೆ ಕೊಟ್ಟು ನೋಡಿದ ಪರೀಕ್ಷೆಯ ಫಲಿತಾಂಶವು 2014ರಲ್ಲಿ ಹೊರಬಂದಿತು. ಎರಡು ತಿಂಗಳಾದ ಮೇಲೆ ರೋಗವು ಮುಂದುವರಿಯದೆ ಇದ್ದುದು 2 ಮಂದಿಯಲ್ಲಿ ಮಾತ್ರ. 2019ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ 112 ರೋಗಿಗಳನ್ನು ಎರಡು ಗುಂಪುಮಾಡಿ, ಒಂದು ಗುಂಪಿಗೆ ರೂಢಿಯ ಔಷಧಗಳನ್ನೂ ಇನ್ನೊಂದಕ್ಕೆ ಅವುಗಳೊಡನೆ ಹೈಡ್ರಾಕ್ಸಿಕ್ಲೋರೋಕ್ವಿನ್ನನ್ನೂ ಕೊಟ್ಟರು. ಗಂತಿಯು ಕುಗ್ಗಿದವರು ಹೊಸ ಔಷಧ ಪಡೆದವರಲ್ಲಿ ನೂರಕ್ಕೆ 38, ಪಡೆಯದವರಲ್ಲಿ ನೂರಕ್ಕೆ 21. ಆದರೆ ಒಂದು ವರ್ಷದ ಕೊನೆಗೆ ಬದುಕಿದ್ದವರ ಪ್ರಮಾಣವು ಹೊಸ ಔಷಧದಿಂದ ಹೆಚ್ಚಲಿಲ್ಲ. ಅದು ಕ್ರಮವಾಗಿ ನೂರಕ್ಕೆ 41 ಮತ್ತು 49 ಆಗಿತ್ತು.

ಇದರಿಂದ 2011ರ ಪ್ರಯೋಗವು ಸುಳ್ಳೆಂದಾಗಲಿ, ಸ್ವಭಕ್ಷಣಕ್ಕೂ ಕ್ಯಾನ್ಸರಿಗೂ ಸಂಬಂಧವಿಲ್ಲವೆಂದಾಗಲಿ ಸಿದ್ಧಿಸುವುದಿಲ್ಲ. ಯಾವ ಗಂತಿಗೆ, ಯಾವ ಹಂತದಲ್ಲಿ, ಯಾವ ಇತರ ಜೀನುಗಳ ಸಹವಾಸದಲ್ಲಿ ಸ್ವಭಕ್ಷಣವು ಆಸರೆಯಾಗುತ್ತದೆಂಬುದನ್ನು ಬಿಡಿಬಿಡಿಯಾಗಿ ಕೇಳಬೇಕೆಂಬುದು ಮಾತ್ರ ಸಿದ್ಧಿಸುತ್ತದೆ. ತಟ್ಟೆಯಲ್ಲಿರುವ ಕೋಶಕ್ಕೆ ಹಸಿವಿಲ್ಲ, ನೆರೆಹೊರೆಯಿಲ್ಲ. ಅದಕ್ಕೆ ಸರಿಯೆನಿಸಿದುದು ದೇಹದೊಳಗಿನ ಗಂತಿಗೆ ಸರಿಯೆನಿಸಬೇಕಾಗಿಲ್ಲ. ಜೀನನ್ನು ಮೌನಗೊಳಿಸುವುದು ಬೇರೆ, ಔಷಧವನ್ನು ಕುಡಿಸುವುದು ಬೇರೆ. ಮೊದಲನೆಯದು ಒಂದು ಬಾಯಿಯನ್ನು ಕಟ್ಟುತ್ತದೆ. ಎರಡನೆಯದು ಎಷ್ಟು ಬಾಯಿಗಳನ್ನು ಕಟ್ಟುತ್ತದೆಂದು ತಿಳಿಯುವುದು ಮೊದಲನೆಯದರ ಸಹಾಯದಿಂದಲೇ.

ಪಿನ್ನುಗಳ ಜಾಗದಲ್ಲಿ ಇಂದು ಅನೇಕ ಕಡೆ ಕ್ರಿಸ್ಪರ್ ಕತ್ತರಿಯು ಬಂದಿದೆ. ಆ ಕತ್ತರಿಯನ್ನು ಕೋಶದೊಳಕ್ಕೆ ಹೊತ್ತು ತರುವವನು ಮಾತ್ರ ಹಲವು ಪ್ರಯೋಗಶಾಲೆಗಳಲ್ಲಿ ಈಗಲೂ ಅದೇ ಹಲ್ಲು ಕಿತ್ತ ಲೆಂಟಿವೈರಸ್ಸು. ಅದು ಹೇಳಿದ ಕೆಲಸವನ್ನು ಮಾಡುತ್ತದೆ. ಕೇಳದ ಪ್ರಶ್ನೆಗೆ ಉತ್ತರ ತರುವುದಿಲ್ಲ. ಪ್ರಶ್ನೆಯನ್ನು ಸರಿಯಾಗಿ ಕೇಳುವ ಹೊಣೆಯು ಮನುಷ್ಯನದು. ಮುಂದೆ ಒಂದು ದಿನ, ಜೀನೊಂದನ್ನು ಮೌನಗೊಳಿಸಿ ಕ್ಯಾನ್ಸರನ್ನು ಗೆದ್ದರೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನಮ್ಮ ವಾಚಕರು ಸಂತೋಷಪಡಲಿ. ಅದರ ಜೊತೆಗೆ, ಎಷ್ಟು ಪಿನ್ನುಗಳಿಂದ ನೋಡಿದರು, ಜೀನನ್ನು ಮರಳಿಸಿ ಪರೀಕ್ಷಿಸಿದರೆ, ತಟ್ಟೆಯಲ್ಲಿಯೋ ದೇಹದಲ್ಲಿಯೋ ಎಂದು ಮೂರು ಪ್ರಶ್ನೆಗಳನ್ನೂ ಕೇಳಿಕೊಳ್ಳಲಿ.